ಅಕ್ಕನ ಎಡಗಾಲು

ಹೊಸ ಬಾಗಿಲನ್ನು ಹೆಗಲ ಮೇಲಿಟ್ಟುಕೊಂಡು ಗಿರಾಕಿಯ ಮನೆಯ ಮೆಟ್ಟಿಲು ಹತ್ತುತ್ತಿದ್ದಾಗ ಬಡಗಿಯ ಬಲಗಾಲಿನ ಹೆಬ್ಬೆರಳು ಕೈಕೊಟ್ಟಿತು. ಬಾಗಿಲನ್ನು ಹೇಗೋ ಗೋಡೆಗೆ ಒರಗಿಸಿ ಅಲ್ಲೇ ಕುಕ್ಕರಿಸಿದ. ಬೂಟು ಕಳಚಿ ನೋಡಿದರೆ ಬೆರಳಿನ ಬುಡ ಕೆಂಪಗೆ ಊದಿಕೊಂಡಿತ್ತು. ಗಾಳಿ ಸೋಕಿದರೂ ಜೀವ ಹೋದಂತಾಗುತ್ತಿತ್ತು. ಈ ನೋವು ಅವನಿಗೆ ಹಳೆಯ ಪರಿಚಯ. ರಕ್ತದಲ್ಲಿ ಯೂರಿಕ್ ಆಸಿಡ್ ಹೆಚ್ಚಾಗಿ, ಹರಳುಗಟ್ಟಿ ಕೀಲಿನಲ್ಲಿ ಕೂರುವ ಕಾಯಿಲೆ ಇದು, ಗೌಟ್ ಅಂತಾರೆ ಎಂದು ಡಾಕ್ಟರಮ್ಮ ಹಿಂದೆಯೇ ಹೇಳಿ, ದಿನಾ ನುಂಗಲು ಮಾತ್ರೆ ಬರೆದುಕೊಟ್ಟಿದ್ದರು.

ಗಿರಾಕಿಯೇ ಕಾರಿನಲ್ಲಿ ಕೂರಿಸಿಕೊಂಡು ಮನೆಗೆ ತಂದುಬಿಟ್ಟ. ಕೆಳಗೆ ಬಡಗಿಯ ಮರಗೆಲಸದ ಕೊಠಡಿ, ಮೇಲೆ ಅವನ ಅಕ್ಕನ ಹೊಲಿಗೆ ಕೋಣೆ. ಮದುವೆಯ ಗೊಡವೆಗೆ ಹೋಗದ ಇಬ್ಬರೂ ಒಂದೇ ಸೂರಿನಡಿ ಜಗಳವಾಡಿಕೊಂಡೇ ಚೆನ್ನಾಗಿದ್ದರು. ಅಕ್ಕ ಅವನ ಕಾಲು ನೋಡಿದವಳೇ ಕುತ್ತಿಗೆಗೆ ನೇತುಹಾಕಿಕೊಂಡಿದ್ದ ಅಳತೆಪಟ್ಟಿಯನ್ನೂ ತೆಗೆಯದೆ ಡಾಕ್ಟರಮ್ಮನ ಬಳಿಗೆ ಹೊರಡಿಸಿದಳು.

"ಮಾತ್ರೆ ತಗೋತಾ ಇದ್ದೀರಾ?" ಡಾಕ್ಟರಮ್ಮ ಕೇಳಿದರು.

"ತಗೋತಾನೆ. ನಾನು ದಿನಾ ಕೇಳ್ತೀನಲ್ಲ," ಎಂದಳು ಅಕ್ಕ.

ಬಡಗಿ ತಲೆ ಕೆರೆದುಕೊಂಡ. "ಬಿಟ್ಟು ತುಂಬಾ ದಿನ ಆಯ್ತು ಡಾಕ್ಟ್ರೇ."

ಅಕ್ಕ ಅವನನ್ನು ದುರುಗುಟ್ಟಿ ನೋಡಿದಳು. ಡಾಕ್ಟರಮ್ಮ ಮಾತ್ರ ಸಿಟ್ಟಾಗಲಿಲ್ಲ. ಯಾಕೆ ಬಿಟ್ಟಿರಿ ಎಂದಷ್ಟೇ ಕೇಳಿದರು.

"ಮಾತ್ರೆ ಶುರು ಮಾಡಿದ ಮೇಲೇ ಅಲ್ವಾ ಮತ್ತೆ ಊದಿಕೊಂಡಿದ್ದು? ಮದ್ದೇ ಮುಳುವಾಯ್ತು ಅಂದ್ಕೊಂಡೆ. ಬಿಟ್ಟ ಮೇಲೆ ಆರಾಮಾಗಿದ್ದೆ. ನೋವಿಲ್ಲದೋನು ಮಾತ್ರೆ ಯಾಕೆ ನುಂಗ್ಲಿ ಅಂತ ಸುಮ್ಮನಾದೆ."

"ಅದನ್ನ ಮೊದ್ಲೇ ಬಿಡಿಸಿ ಹೇಳ್ಬೇಕಿತ್ತು ನಾನು," ಎಂದರು ಡಾಕ್ಟರಮ್ಮ. "ಹಳೇ ಹರಳು ಕರಗೋಕೆ ಶುರುವಾದಾಗ ಕೀಲು ಒಮ್ಮೊಮ್ಮೆ ಕೆರಳುತ್ತೆ. ಮದ್ದು ಕೆಲಸ ಮಾಡ್ತಿದೆ ಅಂತ ಅರ್ಥ. ಅದಕ್ಕೆ ಶುರುವಿನ ಕೆಲವು ತಿಂಗಳು ಜೊತೆಗೆ ಇನ್ನೊಂದು ಚಿಕ್ಕ ಮಾತ್ರೆ ಕೊಡ್ತೀನಿ. ನೋವು ಇರ್ಲಿ, ಬಿಡ್ಲಿ, ದಿನಾ ನುಂಗೋದನ್ನ ಮಾತ್ರ ನಿಲ್ಲಿಸ್ಬೇಡಿ. ನೋವಿಲ್ಲ ಅಂದ್ರೆ ಹರಳಿಲ್ಲ ಅಂತಲ್ಲ."

ಬಾಗಿಲ ಬಳಿ ಅಕ್ಕ ತಿರುಗಿ ನಿಂತಳು. "ಇದು ಹೆಂಗಸರಿಗೂ ಬರುತ್ತಾ?"

"ವಯಸ್ಸಾಗ್ತಾ ಬರುತ್ತೆ. ಯಾಕೆ?"

"ಸುಮ್ಮನೆ ಕೇಳ್ದೆ," ಎಂದು ಅಕ್ಕ ತಮ್ಮನ ತೋಳು ಹಿಡಿದು ಹೊರನಡೆದಳು.

ಮುಂದಿನ ವಾರ ಬಡಗಿ ಕೆಲಸಕ್ಕೆ ಹೋಗದೆ ಕೆಳಗೆ ಕಾಲು ಚಾಚಿ ಕೂತಿದ್ದ. ಮೇಲಿನಿಂದ ಹೊಲಿಗೆ ಯಂತ್ರದ ಸದ್ದು ಬರುತ್ತಿತ್ತು. ಸ್ವಲ್ಪ ಹೊತ್ತು ಓಡುವುದು, ನಿಲ್ಲುವುದು, ಮತ್ತೆ ತಡವರಿಸುವುದು. ಜೀವಮಾನವೆಲ್ಲ ಆ ಸದ್ದು ಕೇಳಿದವನಿಗೆ ಏನೋ ಸರಿಯಿಲ್ಲ ಅನಿಸಿತು. ಗೋಡೆ ಹಿಡಿದು ಮೆಲ್ಲಗೆ ಮೇಲೆ ಹತ್ತಿದ. ಅಕ್ಕ ಒಂದೇ ಕಾಲಿನಲ್ಲಿ ಯಂತ್ರ ತುಳಿಯುತ್ತಿದ್ದಳು. ಎಡಗಾಲನ್ನು ಬಟ್ಟೆಯ ರಾಶಿಯ ಮೇಲೆ ಎತ್ತಿಟ್ಟಿದ್ದಳು. ಹೆಬ್ಬೆರಳು ಅವನದರ ಅವಳಿಯಂತಿತ್ತು.

"ಎಷ್ಟು ದಿನದಿಂದ?" ಎಂದ.

ಅಕ್ಕ ಬಟ್ಟೆಯಿಂದ ಕಣ್ಣೆತ್ತಲಿಲ್ಲ. "ಹೋದ ವರ್ಷದಿಂದ. ಬೇರೆ ಡಾಕ್ಟ್ರ ಹತ್ರ ತೋರಿಸ್ದೆ. ಇದೇ ಮಾತ್ರೆ ಕೊಟ್ರು. ಊತ ಇಳೀತು, ನಾನೂ ಬಿಟ್ಟೆ."

"ನನಗ್ಯಾಕೆ ಹೇಳ್ಲಿಲ್ಲ?"

"ಅಪ್ಪ ಒಂದು ಹನಿ ಹೆಂಡ ಮುಟ್ಟಿದವರಲ್ಲ. ಆದ್ರೂ ಕುಂಟ್ಕೊಂಡು ಹೋದ್ರೆ ಬೀದಿಯವರೆಲ್ಲ ಕುಡುಕರ ಕಾಯಿಲೆ ಅಂತ ಆಡ್ಕೊಂಡು ನಗ್ತಿದ್ರು. ನೆನಪಿದೆಯಾ? ಹೆಂಗಸಿಗೆ ಬಂದ್ರೆ ಇನ್ನೇನೇನು ಅಂತಾರೋ." ಯಂತ್ರ ನಿಲ್ಲಿಸಿ ಕೈ ಮಡಿಲಲ್ಲಿಟ್ಟುಕೊಂಡಳು. "ಕೊನೆಗೆ ಅಪ್ಪನ ಬೆರಳೆಲ್ಲ ಗಂಟುಗಂಟಾಗಿ ಚಮಚ ಹಿಡಿಯೋಕೂ ಆಗ್ತಿರ್ಲಿಲ್ಲ. ನಿನಗೆ ಹಾಗಾಗ್ಬಾರ್ದು ಅಂತ ದಿನಾ ನಿನ್ನ ತಲೆ ತಿಂದೆ."

"ನನ್ನ ತಲೆ ತಿಂದಿದ್ದು ಸಾಕು. ಮಾತ್ರೆ ತಿನ್ನು," ಎಂದ ಬಡಗಿ.

ಅಕ್ಕ ಮುಖ ಗಂಟಿಕ್ಕಿದಳು. ಆಮೇಲೆ ತಡೆಯಲಾರದೆ ನಕ್ಕಳು. ಎರಡು ಊದಿದ ಕಾಲುಗಳನ್ನು ಒಂದೇ ರಾಶಿಯ ಮೇಲೆ ಇಟ್ಟುಕೊಂಡು ಇಬ್ಬರೂ ಬಹಳ ಹೊತ್ತು ಕೂತಿದ್ದರು.

ಮಾರನೆಯ ದಿನ ಬಡಗಿಯೇ ಅವಳನ್ನು ಡಾಕ್ಟರಮ್ಮನಿಗೆ ತೋರಿಸಿ ಬಂದ. ಅಂದಿನಿಂದ ಬೆಳಗಿನ ತಿಂಡಿಯಾದ ಮೇಲೆ ಒಬ್ಬರೆದುರು ಒಬ್ಬರು ಮಾತ್ರೆ ನುಂಗುವುದು ರೂಢಿಯಾಯಿತು. ನಡುವೆ ಒಮ್ಮೆ ಅಕ್ಕನ ಮೊಣಕಾಲು ಹಿಡಿದುಕೊಂಡಿತು. ಅವಳು ಮಾತ್ರೆಯನ್ನು ಅಂಗೈಯಲ್ಲಿಟ್ಟುಕೊಂಡು, "ಇದೆಲ್ಲಾ ಬೇಡ ಕಣೋ, ಸಾಕಾಯ್ತು," ಎಂದಳು. ಬಡಗಿ ವಾದಕ್ಕೆ ಇಳಿಯಲಿಲ್ಲ. "ಕರಗ್ತಾ ಇದೆ ಅಕ್ಕ," ಎಂದು ನೀರಿನ ಲೋಟ ಮುಂದಕ್ಕೆ ತಳ್ಳಿದ. ಅವಳು ಗೊಣಗುತ್ತಲೇ ನುಂಗಿದಳು.

ವರ್ಷ ತಿರುಗುವ ಹೊತ್ತಿಗೆ ಇಬ್ಬರ ರಕ್ತಪರೀಕ್ಷೆಯೂ ಡಾಕ್ಟರಮ್ಮನಿಗೆ ಸಮಾಧಾನ ತಂದಿತ್ತು. ಊತ ಬರುವುದೇ ಅಪರೂಪವಾಯಿತು, ಬರುಬರುತ್ತಾ ನಿಂತೇಹೋಯಿತು. ಬಡಗಿ ಪರವೂರಿನಲ್ಲೊಂದು ದೊಡ್ಡ ಕೆಲಸ ಒಪ್ಪಿಕೊಂಡು ಹೊರಟ. ಅಲ್ಲಿ ಮೊದಲ ಬೆಳಿಗ್ಗೆಯೇ ಫೋನು ಬಡಿದುಕೊಂಡಿತು.

"ನುಂಗಿದ್ಯಾ?"

"ನೀನು ನುಂಗಿದ್ಯಾ?"

ಆ ಕಡೆ ನೀರು ಗುಟುಕರಿಸಿದ ಸದ್ದು. ಲೋಟ ಕೆಳಗಿಟ್ಟ ಸಪ್ಪಳ ಕೇಳಿದ ಮೇಲೆ ಅವನೂ ಚೀಲಕ್ಕೆ ಕೈಹಾಕಿ ಮಾತ್ರೆ ತೆಗೆದ.