ಧೂಳಪ್ಪನ ಹೀಟ್ ಮೀಟರ್

ಇಬ್ಬರು ಹೆಣ್ಣುಮಕ್ಕಳು ತೋಳು ಹಿಡಿದು, ಇನ್ನೊಬ್ಬಳು ಸೀರೆಯ ನಿರಿಗೆ ಸಾವರಿಸಿ, ಅಂತೂ ರಾಚವ್ವನನ್ನು ಕಾರಿನ ಮುಂದಿನ ಸೀಟಿಗೆ ಸೇರಿಸಿ ಬಾಗಿಲು ಹಾಕಿದರು. ಮೊಣಕಾಲು ಕೈಕೊಟ್ಟು ಎರಡು ವರ್ಷವಾಗಿತ್ತು. ಮನೆಯಿಂದ ಹೊಲದವರೆಗೆ ಮೆರವಣಿಗೆಯ ಜೊತೆ ನಡೆಯುವುದು ಆಕೆಗೆ ಆಗದ ಮಾತು. ಆಕೆಯ ಗಂಡ ಧೂಳಪ್ಪ ಮುಂದೆ ಟ್ರ್ಯಾಕ್ಟರಿನ ಟ್ರೇಲರಿನಲ್ಲಿ, ಹಣೆತುಂಬ ವಿಭೂತಿ, ಕೊರಳತುಂಬ ಹಾರ ಧರಿಸಿ ಕುರ್ಚಿಯಲ್ಲಿ ಕುಳಿತಿದ್ದ. ಮೂವತ್ತು ವರ್ಷ ಕಾಖಂಡಕಿಯ ಜನರನ್ನು ಬಾಡಿಗೆ ಕಾರಿನಲ್ಲಿ ಹೊತ್ತು ತಿರುಗಿದವನು, ಇವತ್ತು ಮೊದಲ ಸಲ ಸ್ಟೇರಿಂಗ್ ಬಿಟ್ಟು ಆರಾಮವಾಗಿ ಹೊರಟಿದ್ದ.

ಅವನ ಹಳೆಯ ಬಿಳಿ ಅಂಬಾಸಿಡರ್ ಕಾರನ್ನು ಈಗ ಓಡಿಸುತ್ತಿದ್ದವನು ಹುಸೇನಸಾಬ. ಬಬಲೇಶ್ವರದ ಮೆಕ್ಯಾನಿಕ್, ಧೂಳಪ್ಪನ ಬಾಲ್ಯದ ಗೆಳೆಯ. ಸುದ್ದಿ ತಿಳಿದ ಅರ್ಧ ಗಂಟೆಯಲ್ಲಿ ಓಡಿಬಂದು, ಅವನ ಗಾಡಿ ಅವನ ಹಿಂದೆಯೇ ಬರಬೇಕೆಂದು ಹಟ ಹಿಡಿದಿದ್ದ. ಹಿಂದಿನ ಸೀಟಿನಲ್ಲಿ ವಿಜಯಪುರದ ಜಲನಗರದಿಂದ ಬಂದಿದ್ದ ಮಗಳು ಸುಧಾರಾಣಿ. ಪಕ್ಕದಲ್ಲಿ ನೆರೆಮನೆಯ ವಿದ್ಯಾವತಿ, ಮಡಿಲಲ್ಲಿ ಐದು ತಿಂಗಳ ಕೂಸು.

ಭಜನಾ ಮೇಳದ ಸಂಗನಬಸವ ಬೆಳಿಗ್ಗೆಯೇ ಬಬಲೇಶ್ವರಕ್ಕೆ ಹೋಗಿ ಧೂಳಪ್ಪನ ಫೋಟೋ ಇರುವ ಫ್ಲೆಕ್ಸ್ ಮಾಡಿಸಿ ತಂದಿದ್ದ. ‘ಭಾವಪೂರ್ಣ ಶ್ರದ್ಧಾಂಜಲಿ’ ಎಂಬ ಅಕ್ಷರಗಳು ಫೋಟೋಕ್ಕಿಂತ ದೊಡ್ಡವು. ಅದನ್ನು ಕಾರಿನ ಮೂತಿಗೆ ಅಡ್ಡಲಾಗಿ, ಗಾಳಿ ನುಸುಳದಷ್ಟು ಬಿಗಿಯಾಗಿ ಕಟ್ಟಿ, ಮೇಲೆ ಎರಡು ಚೆಂಡು ಹೂವಿನ ಮಾಲೆ ಬಿಟ್ಟರು. ಹುಸೇನಸಾಬ ಒಮ್ಮೆ ಅತ್ತ ನೋಡಿ, ಹೋಗಿ ಸ್ಟೇರಿಂಗ್ ಹಿಡಿದ. ಸತ್ತವರ ಮನೆಯಲ್ಲಿ ನಿಂತು, ಹಗ್ಗ ಬಿಚ್ಚಿರಿ ಎನ್ನಲು ಯಾರಿಗೆ ಬಾಯಿ ಬರುತ್ತದೆ?

ರಾಚವ್ವನಿಗೆ ಗಂಡನ ಕಡೆ ನೋಡಲಾಗುತ್ತಿರಲಿಲ್ಲ. ಕಣ್ಣು ತಗ್ಗಿಸಿದರೆ ಮೊಣಕಾಲ ಮುಂದೆಯೇ, ಡ್ಯಾಶ್‌ಬೋರ್ಡಿನ ಕೆಳಗೆ, ಎರಡು ಸ್ಕ್ರೂ ಹಾಕಿ ಕೂಡಿಸಿದ ದುಂಡನೆಯ ಮೀಟರು. ಕೆಳಗಡೆ ಬಿಳಿ ಗೆರೆ, ಮೇಲ್ಗಡೆ ಕೆಂಪು ಪಟ್ಟಿ, ನಡುವೆ ಒಂದು ಮುಳ್ಳು. ನಿನ್ನೆ ಸಂಜೆ ಗಂಡನಿಗೆ ಆಕೆ ಆಡಿದ ಕೊನೆಯ ಮಾತು ಇದರದ್ದೇ. ಹಿಂದಕ್ಕೆ ತೆಗೆದುಕೊಳ್ಳೋಣವೆಂದರೆ ಕೇಳುವವನು ಟ್ರೇಲರಿನಲ್ಲಿ ಕುಳಿತಿದ್ದ.

*

ಎಲ್ಲ ಶುರುವಾದದ್ದು ಹೋದ ದೀಪಾವಳಿಯ ಹಿಂದುಮುಂದು. ವಿದ್ಯಾವತಿಗೆ ಹೆರಿಗೆ ನೋವು ಬಂದು, ಧೂಳಪ್ಪ ಆಕೆಯನ್ನು ಕೂಡಿಸಿಕೊಂಡು ವಿಜಯಪುರಕ್ಕೆ ಹೊರಟಿದ್ದ. ಬಬಲೇಶ್ವರ ದಾಟುತ್ತಲೇ ಬಾನೆಟ್ಟಿನ ಸಂದಿಯಿಂದ ಭುಸ್ಸೆಂದು ಹಬೆ ಎದ್ದು ಎಂಜಿನ್ ನಿಂತುಹೋಯಿತು. ಹಿಂದೆ ಬಂದ ಹಾಲಿನ ಗಾಡಿಯವನು ದೇವರ ಹಾಗೆ ಒದಗಿದ. ಕೂಸು ಆಸ್ಪತ್ರೆಯಲ್ಲೇ ಸುಖವಾಗಿ ಹುಟ್ಟಿತು. ಊರವರು ಮರೆತರು. ಧೂಳಪ್ಪ ಮಾತ್ರ ಮರೆಯಲಿಲ್ಲ.

ಆ ಕಾರಿನ ಹೀಟ್ ಮೀಟರು ಕೆಟ್ಟು ಇಪ್ಪತ್ತು ವರ್ಷವಾಗಿತ್ತು. ಬಾನೆಟ್ಟಿನ ಮೇಲೆ ಅಂಗೈ ಇಟ್ಟು ಎಂಜಿನ್ನಿನ ಬಿಸಿ ಅಳೆಯುವುದರಲ್ಲಿ ಅವನು ಪಳಗಿದ್ದ. ಆವತ್ತು ಆ ಕೈ ಮೋಸ ಮಾಡಿತ್ತು.

“ಒಳಗ ಏನ ನಡದೈತಿ ಅಂತ ನನಗ ಗೊತ್ತಾಗಲಿಲ್ಲ. ಗೊತ್ತಾಗಿದ್ದರ ಹಾದಿಮ್ಯಾಗ ಎಲ್ಲೆರ ನಿಂದರತಿದ್ದೆ,” ಎಂದು ರಾಚವ್ವನ ಮುಂದೆ ಅದೆಷ್ಟು ಸಲ ಹೇಳಿದನೋ.

ಎಂಜಿನ್ನಿನ ಹೆಡ್ ಬಿಚ್ಚಿ ರಿಪೇರಿ ಮಾಡಿದವನು ಹುಸೇನಸಾಬ. ಮೀಟರಿನ ಮಾತು ತೆಗೆದರೆ ಅವನು ನಕ್ಕುಬಿಟ್ಟ; ಇಪ್ಪತ್ತು ವರ್ಷ ಇಲ್ಲದ್ದು ಈಗ ಯಾತಕ್ಕೆ ಎಂದ. ಧೂಳಪ್ಪನಿಗೆ ಆ ನಗು ನಾಟಿತು. ಇನ್ನು ಈ ಕೆಲಸದಲ್ಲಿ ಹುಸೇನಸಾಬನನ್ನು ಒಂದು ಮಾತೂ ಕೇಳುವುದಿಲ್ಲವೆಂದು ಪಣ ತೊಟ್ಟು, ತಿಕೋಟಾದಲ್ಲಿ ವೈರಿಂಗ್ ಅಂಗಡಿ ಇಟ್ಟಿದ್ದ ಲಾಡಲೇಸಾಬನಿಂದ ಹೊಸ ಮೀಟರು, ಎಂಜಿನ್ನಿಗೆ ಕೂಡಿಸುವ ಸೆನ್ಸರು, ವೈರು ಎಲ್ಲ ತಂದ. ಕೂಡಿಸುವ ಮೊದಲು ಕಾರಿನ ಬ್ಯಾಟರಿಯನ್ನೇ ಅಡುಗೆಮನೆಗೆ ಹೊತ್ತು ತಂದು, ರಾಚವ್ವನ ಚಹಾದ ಬೋಗುಣಿಯಲ್ಲಿ ನೀರು ಕುದಿಸಿ, ಸೆನ್ಸರನ್ನು ಅದರಲ್ಲಿ ಅದ್ದಿದ. ಮುಳ್ಳು ಸರಸರನೆ ಏರಿತು. ಅರವತ್ತೈದರ ಗಂಡಸು ಕೈತಟ್ಟಿ ನಕ್ಕದ್ದನ್ನು ಆಕೆ ಅವತ್ತು ನೋಡಿದಳು.

ಕಾರಿಗೆ ಕೂಡಿಸಿದ ಮೇಲೆ ಮಾತ್ರ ಅದೇ ಮುಳ್ಳು ಬಿಳಿ ಗೆರೆ ಬಿಟ್ಟು ಅಲುಗಲಿಲ್ಲ. ವೈರು ಬದಲಿಸಿದ, ಸೆನ್ಸರು ಎರಡು ಸಲ ಬದಲಿಸಿದ. ಮೂರು ತಿಂಗಳು ಅದೇ ಧ್ಯಾನ. ಬಾಡಿಗೆಗೆ ಬಂದವರು ಮೀಟರಿಗೆ ಚಳಿ ಆಗಿದೆ, ಕಂಬಳಿ ಹೊದಿಸು ಎಂದು ಚೇಷ್ಟೆ ಮಾಡುತ್ತಿದ್ದರು. ನಿನ್ನೆ ಸಂಜೆಯೂ ಸೀಟಿನ ಕೆಳಗೆ ತಲೆ ತೂರಿಸಿ ಮಲಗಿದ್ದವನನ್ನು ಊಟಕ್ಕೆ ಮೂರು ಸಲ ಕರೆದು ರಾಚವ್ವನಿಗೆ ಬೇಸರ ಬಂತು.

“ಅದು ನಿಮ್ಮ ಕೈಯಿಂದ ಆಗೂದಲ್ಲ, ಬಿಟ್ಟಬಿಡ್ರಿ,” ಎಂದಳು.

ಧೂಳಪ್ಪ ಸೀಟಿನ ಕೆಳಗಿನಿಂದ ತಲೆ ಹೊರತೆಗೆದ. ಎದ್ದು ಕೈ ತೊಳೆದು, ಉಂಡು ಮಲಗಿದವನು ಬೆಳಿಗ್ಗೆ ಏಳಲೇ ಇಲ್ಲ.

*

ಮೆರವಣಿಗೆ ಊರ ಅಗಸಿ ಬಾಗಿಲು ದಾಟುವಷ್ಟರಲ್ಲಿ ಎರಡು ತಾಸು ಹಿಡಿಯಿತು. ಹತ್ತು ಹೆಜ್ಜೆಗೊಮ್ಮೆ ಭಜನೆಯವರು ನಿಲ್ಲುವುದು, ಟ್ರ್ಯಾಕ್ಟರು ನಿಲ್ಲುವುದು, ಹಿಂದೆ ಕಾರು ಮೊದಲ ಗೇರಿನಲ್ಲಿ ತೆವಳುವುದು. ಏಪ್ರಿಲ್ ಬಿಸಿಲು ಕಾರಿನ ಟಾಪನ್ನು ಹಂಚಿನಂತೆ ಕಾಯಿಸಿತ್ತು. ಹೊತ್ತು ಮುಳುಗುವುದರೊಳಗೆ ಹೊಲದಲ್ಲಿ ಮಣ್ಣು ಆಗಬೇಕೆಂದು ವಿಧಿ ನಡೆಸುವ ಸ್ವಾಮಿಗಳು ಎರಡು ಸಲ ಅವಸರ ಮಾಡಿದ್ದರು.

ರಾಚವ್ವ ಕಣ್ಣುಜ್ಜಿಕೊಂಡು ಮತ್ತೆ ಮೀಟರು ನೋಡಿದಳು. ಮುಳ್ಳು ಬಿಳಿ ಗೆರೆಯ ಮೇಲಿರಲಿಲ್ಲ. ನಡುಮಧ್ಯ ನಿಂತಿತ್ತು. ಆಕೆ ನೋಡುತ್ತಿದ್ದಂತೆಯೇ ಇನ್ನೂ ಒಂದು ಕೂದಲೆಳೆಯಷ್ಟು ಏರಿತು. ಯಾರಿಗೆ ಹೇಳುವುದು? ಹೇಳಬೇಕಾದವನು ಮುಂದೆ ಹೊರಟಿದ್ದಾನೆ. ಕೆಂಪು ಪಟ್ಟಿಯ ಅಂಚಿಗೆ ಮುಳ್ಳು ತಾಗುವವರೆಗೂ ನೋಡುತ್ತ ಕುಳಿತವಳು ಕೊನೆಗೆ ಬಾಯಿ ಬಿಟ್ಟಳು.

“ಹುಸೇನಣ್ಣಾ, ಗಾಡಿ ಕಾದೈತಿ. ನಿಂದರಸ್ರಿ.”

ಹುಸೇನಸಾಬ ಬಗ್ಗಿ ನೋಡಿದ. “ಈ ಎಂಜಿನ್ ಕಾಯಾಕ ಸಾಧ್ಯನ ಇಲ್ಲ ವೈನಿ. ಮೀಟರ್ ಕೆಟ್ಟಿರಬೇಕು. ಹೊಲ ಇಲ್ಲೇ ಬಂತು.”

ಸುಧಾರಾಣಿಯೂ, ಈಗ ನಿಂತರೆ ಮಣ್ಣಿಗೆ ತಡವಾಗುತ್ತದೆ ಯವ್ವಾ ಎಂದಳು. ಅದು ರಾಚವ್ವನಿಗೂ ಗೊತ್ತಿತ್ತು. ಟ್ರ್ಯಾಕ್ಟರು ಮುಂದೆ ಹೋಗಿ, ಸ್ವಾಮಿಗಳು ಅವಸರ ಮಾಡಿದರೆ ಕೊನೆಯ ಹಿಡಿ ಮಣ್ಣು ಹಾಕುವುದೂ ತಪ್ಪಬಹುದು. ಆದರೂ ನಿನ್ನೆಯ ಮಾತನ್ನು ಇವತ್ತೂ ಆಡಲು ಆಕೆಗೆ ಮನಸ್ಸಾಗಲಿಲ್ಲ.

“ಅದು ಖರೇನ ಹೇಳಾಕತ್ತೈತಿ,” ಎಂದಳು. “ನಮ್ಮವರು ಹಚ್ಚ್ಯಾರ. ನಿಂದರಸ್ರಿ ಅಂದ್ರ ನಿಂದರಸ್ರಿ.”

ಕಾರು ನಿಂತಿತು. ಹುಸೇನಸಾಬ ಗೊಣಗುತ್ತಲೇ ಇಳಿದು ಬಾನೆಟ್ಟಿಗೆ ಕೈ ಹಚ್ಚಿದವನು ಚುರುಕ್ಕೆಂದು ಹಿಂದೆಗೆದ. ಹೆಗಲ ಮೇಲಿನ ಟವೆಲ್ಲಿನಿಂದ ಹಿಡಿದು ಎತ್ತಿದರೆ ಬಿಸಿ ಮುಖಕ್ಕೇ ಹೊಡೆಯಿತು. ರೇಡಿಯೇಟರಿನೊಳಗೆ ನೀರು ಗುಳುಗುಳು ಕುದಿಯುತ್ತಿತ್ತು. ಇನ್ನೆರಡು ನಿಮಿಷ ಹೋಗಿದ್ದರೆ ಎಂಜಿನ್ ಮುಗಿದೇ ಹೋಗುತ್ತಿತ್ತು. ಅವನು ಫ್ಲೆಕ್ಸಿನ ಹಗ್ಗ ಬಿಚ್ಚಿ, ಗೆಳೆಯನ ಮುಖವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ರಾಚವ್ವನ ಕಿಟಕಿಗೆ ಬಂದ.

“ಈ ಮುಳ್ಳು ಮದಲ ಏಳತಿರಲಿಲ್ಲೇನ್ರಿ?”

“ಒಂದ ದಿನಾನೂ ಎದ್ದಿಲ್ಲ. ಮೂರು ತಿಂಗಳು ಒದ್ದಾಡಿದ್ರು.”

ಹುಸೇನಸಾಬ ಎಲ್ಲ ಹೇಳಿದ. ಎಂಜಿನ್ ಹದವಾಗಿ ಕಾಯುವವರೆಗೆ ನೀರನ್ನು ತಡೆದು ಹಿಡಿಯುವ ಒಂದು ವಾಲ್ವ್ ಇರುತ್ತದೆ. ಈ ಸೀಮೆಯ ಬಿಸಿಲಿಗೆ ಅದು ಬೇಡವೆಂದು ಮೆಕ್ಯಾನಿಕರು ಕಿತ್ತು ಬಿಸಾಡುತ್ತಾರೆ. ದೀಪಾವಳಿಯಲ್ಲಿ ಅವನೂ ಹಾಗೇ ಮಾಡಿದ್ದ, ಧೂಳಪ್ಪನಿಗೆ ಹೇಳಿರಲಿಲ್ಲ. ಅಂದಿನಿಂದ ಹಾದಿಯ ಗಾಳಿಗೆ ಎಂಜಿನ್ ಸದಾ ತಣ್ಣಗೆ ಓಡುತ್ತಿತ್ತು. ಮುಳ್ಳು ಇದ್ದದ್ದನ್ನೇ ತೋರಿಸುತ್ತಿತ್ತು. ಇವತ್ತು ಫ್ಲೆಕ್ಸು ಗಾಳಿಯನ್ನು ತಡೆಯಿತು, ಎಂಜಿನ್ ಕಾಯಿತು, ಮುಳ್ಳು ಅದನ್ನೂ ತೋರಿಸಿತು.

“ಅವನ ಕೆಲಸ ಮದಲಿನ ದಿನದಿಂದನೂ ಬರೋಬರಿ ಇತ್ತ್ರಿ ವೈನಿ,” ಎಂದ. “ತಪ್ಪು ನಂದು. ನಾ ನಕ್ಕಿದ್ದಕ್ಕ ಅವ ನನ್ನ ಕೇಳಲಿಲ್ಲ.”

ಬೆಳಗಿನಿಂದ ಒಣಗಿದ್ದ ರಾಚವ್ವನ ಕಣ್ಣು ಈಗ ತುಂಬಿ ಹರಿಯಿತು. ದುಃಖದ ಜೊತೆ ಮತ್ತೇನೋ ಇತ್ತು; ಹೆಮ್ಮೆಯೇ ಇರಬೇಕು, ಆಕೆ ಮುಚ್ಚಿಡಲಿಲ್ಲ. ಹಿಂದೆ ವಿದ್ಯಾವತಿಯ ಕೂಸು ಎಚ್ಚೆತ್ತು ಕಿರುಗುಟ್ಟಿತು. ಈ ಕಾರನ್ನು ಮಾರುವುದಿಲ್ಲ, ಊರಲ್ಲೇ ಇರುತ್ತದೆ, ನಾನೇ ವಿಜಯಪುರದಿಂದ ಬಂದು ಡ್ರೈವಿಂಗ್ ಕಲಿಯುತ್ತೇನೆ ಎಂದಳು ಸುಧಾರಾಣಿ. ನಾಳೆಯೇ ಹೊಸ ವಾಲ್ವ್ ಹಾಕುತ್ತೇನೆ, ನಾನೇ ಕಲಿಸುತ್ತೇನೆ ಎಂದ ಹುಸೇನಸಾಬ.

ಅಷ್ಟರಲ್ಲಿ ಟ್ರ್ಯಾಕ್ಟರೂ ನಿಂತಿತ್ತು. ಭಜನೆಯವರು ತಾಳ ಕೈಯಲ್ಲೇ ಹಿಡಿದು ಹಿಂದಕ್ಕೆ ಬಂದು, ಒಬ್ಬರ ಮೇಲೊಬ್ಬರು ಬಗ್ಗಿ ಮೀಟರು ನೋಡಿದರು. ಸಂಗನಬಸವ ಹುಸೇನಸಾಬನಿಂದ ಫ್ಲೆಕ್ಸು ಇಸಿದುಕೊಂಡು, ಅದರಿಂದಲೇ ಎಂಜಿನ್ನಿಗೆ ಗಾಳಿ ಬೀಸತೊಡಗಿದ. ಧೂಳಪ್ಪ ಟ್ರೇಲರಿನಲ್ಲಿ ಸಮಾಧಾನವಾಗಿ ಕುಳಿತಿದ್ದ. ಗಾಡಿ ತಣಿಯಲಿ ಎಂದು ಕಾಯುವುದು ಅವನಿಗೇನು ಹೊಸದೇ?

ಸ್ವಾಮಿಗಳು ಹೊತ್ತಾಯಿತೆಂದು ದೂರದಿಂದಲೇ ಸನ್ನೆ ಮಾಡಿದರು. ರಾಚವ್ವ ಕಿಟಕಿಯಿಂದ ಕೈ ಹೊರಗೆ ಚಾಚಿ, ಅಂಗೈ ಅಗಲಿಸಿ ಹಿಡಿದಳು. ಸ್ವಾಮಿಗಳು, ಭಜನೆಯವರು, ಟ್ರ್ಯಾಕ್ಟರಿನವನು, ಇಡೀ ಊರು ಆ ಕೈಗೆ ನಿಂತಿತು. ಆಕೆ ಮೀಟರಿನಿಂದ ಕಣ್ಣು ತೆಗೆಯಲಿಲ್ಲ. ಮುಳ್ಳು ಕೆಂಪು ಬಿಟ್ಟು, ನಡುಮಧ್ಯ ದಾಟಿ ಇಳಿದ ಮೇಲೆ, ಆ ಕೈಯನ್ನು ಮುಂದಕ್ಕೆ ಬೀಸಿದಳು.