ಶಂಭು ಭಾವನ ಆಯಿಲ್ ಕಡ್ಡಿ

ಭಾನುವಾರ ಬೆಳಿಗ್ಗೆ ಕಾಫಿ ಲೋಟ ಕೆಳಗಿಟ್ಟ ಕೂಡಲೇ ಶಂಭು ಕಾರಿನ ಬಾನೆಟ್ ಎತ್ತುತ್ತಿದ್ದ. ಲುಂಗಿ ಮಡಚಿ ಕಟ್ಟಿ, ಎಂಜಿನ್ನಿನ ಎಣ್ಣೆ ಎಷ್ಟಿದೆಯೆಂದು ನೋಡುವ ಆಯಿಲ್ ಕಡ್ಡಿ ಎಳೆದು, ಹಳೆ ಬನಿಯನಿನ ತುಂಡಿನಲ್ಲಿ ಒರೆಸಿ, ಮತ್ತೆ ಅದ್ದಿ ಎಳೆದು, ಬಿಸಿಲಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡುತ್ತಿದ್ದ. ಆಮೇಲೆ ನಾಡಿ ಹಿಡಿದ ವೈದ್ಯನಂತೆ ತಲೆ ಅಲ್ಲಾಡಿಸುತ್ತಿದ್ದ.

"ಪುನಃ ಕುಡಿದಿದೆ ಮಾರಾಯ. ಇದು ಕಾರಲ್ಲ, ಎಮ್ಮೆ."

ತಮ್ಮ ಮನೀಷ್ ಪಕ್ಕದಲ್ಲಿ ಡಬ್ಬಿ ಹಿಡಿದು ನಿಂತಿರುತ್ತಿದ್ದ. ಶಂಭು ಗಟಗಟನೆ ಎಣ್ಣೆ ಸುರಿಯುತ್ತಿದ್ದ.

ಕಾರು ಮನೀಷನ ಹೆಂಡತಿ ಶಶಿಪ್ರಭಾಳದ್ದು. ಹದಿಮೂರು ವರ್ಷ ಹಳೆಯ ಟರ್ಬೊ ಡೀಸೆಲ್. ಮೂಡುಬಿದಿರೆಯ ಕಾಲೇಜಿನ ಭೌತಶಾಸ್ತ್ರ ಲ್ಯಾಬಿಗೆ ಅವಳು ಬೆಳಿಗ್ಗೆ ಎಂಟಕ್ಕೆ ಮುಟ್ಟಬೇಕು. ಸಿದ್ಧಕಟ್ಟೆಯಿಂದ ಅಷ್ಟು ಹೊತ್ತಿಗೆ ಸರಿಯಾದ ಬಸ್ಸಿಲ್ಲ. ಕಾರು ಹೋದರೆ ಕೆಲಸವೂ ಹೋದಂತೆಯೇ. ಅದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಕೆಲವರಿಗೆ ಅದರಿಂದ ದುಃಖವೇನೂ ಇರಲಿಲ್ಲ.

ಶಂಭು ಇಪ್ಪತ್ತೆರಡು ವರ್ಷ ಕುವೈತಿನ ಗ್ಯಾರೇಜಿನಲ್ಲಿದ್ದವನು. ಬಿಡಿಭಾಗಗಳ ಕೋಣೆಯಲ್ಲಿ ಕುಳಿತು ಚೀಟಿ ನೋಡಿ ಸಾಮಾನು ಕೊಡುವುದು ಅವನ ಕೆಲಸ. ಸ್ಪ್ಯಾನರ್ ಹಿಡಿದವನಲ್ಲ, ಸ್ಪ್ಯಾನರ್ ಎಣಿಸಿದವನು. ಊರಿಗೆ ಬಂದ ಮೇಲೆ ಮಾತ್ರ ಅವನು ಎಂಜಿನ್ ತಜ್ಞನಾಗಿದ್ದ. ವಿಮಾನ ಇಳಿಯುವಾಗ ಆಗುವ ಬದಲಾವಣೆ ಅದು ಎಂದು ಶಶಿಪ್ರಭಾ ಮನಸ್ಸಿನಲ್ಲೇ ಅಂದುಕೊಂಡಿದ್ದಳು. ಹೊರಗೆ ಅಂದಿರಲಿಲ್ಲ. ಅವಳು ಮಾತನ್ನು ತೂಗಿ ಆಡುವವಳು.

ಕಾರು ಎಣ್ಣೆ ಕುಡಿದು ನೀಲಿ ಹೊಗೆ ಬಿಡತೊಡಗಿದಾಗ ಮೂಡುಬಿದಿರೆಯ ಒಬ್ಬ ಮೆಕ್ಯಾನಿಕ್ ವಾಲ್ವಿನ ಸೀಲ್ ಹೋಗಿದೆ ಎಂದ. ಸೀಲ್ ಬದಲಾಯಿತು, ಹೊಗೆ ನಿಲ್ಲಲಿಲ್ಲ. ಬಂಟ್ವಾಳದ ಗ್ಯಾರೇಜಿನ ಧನರಾಜ್, ಎಂಜಿನ್ನಿಗೆ ಗಾಳಿ ತಳ್ಳುವ ಟರ್ಬೊದ ಪೈಪು ಬಿಚ್ಚಿ, ಒಳಗೆ ಬೆರಳಾಡಿಸಿ, ಜಿಡ್ಡಾದ ಬೆರಳನ್ನು ಶಂಭುವಿನ ಮೂಗಿನ ಹತ್ತಿರ ಹಿಡಿದ.

"ನೋಡಿ ಶಂಭಣ್ಣ. ಎಣ್ಣೆ ಸೋರ್ತಾ ಉಂಟು. ಟರ್ಬೊ ಮುಗಿಯಿತು."

"ನಾನು ಮೊದಲೇ ಹೇಳಿದ್ದೆ."

ಕಾರನ್ನು ದಿನಾ ಓಡಿಸುವ ಶಶಿಪ್ರಭಾ ಎರಡು ಅಡಿ ದೂರದಲ್ಲಿ ನಿಂತಿದ್ದಳು. ಹೊಗೆ ಯಾವಾಗ ಬರುತ್ತದೆ, ಏರಿನಲ್ಲೋ ಇಳಿತದಲ್ಲೋ, ಯಾರೂ ಕೇಳಲಿಲ್ಲ. ಅವಳ ಬ್ಯಾಗಿನಲ್ಲಿ ಒಂದು ಪುಟ್ಟ ನೋಟ್‌ಬುಕ್ ಇತ್ತು. ಎಂದು ಎಣ್ಣೆ ಹಾಕಿದ್ದು, ಎಷ್ಟು ಓಡಿದ್ದು, ಎಂದು ಹೊಗೆ ಹೆಚ್ಚು ಎಂದು ಎಂಟು ತಿಂಗಳಿನಿಂದ ಬರೆದಿಟ್ಟದ್ದು. ಅದನ್ನು ತೆಗೆದಾಗ ಶಂಭು ನಕ್ಕ.

"ಇದೆಂಥ, ಕಾರಿನ ಜಾತಕವಾ?"

ಧನರಾಜನೂ ನಕ್ಕ. ಮನೀಷ್ ನಗಲಿಲ್ಲ, ಆದರೆ ನೋಟ್‌ಬುಕ್ಕನ್ನು ನೋಡಲೂ ಇಲ್ಲ. ಹೊಸ ಟರ್ಬೊ ಹಾಕುವುದಕ್ಕಿಂತ ಗುಜರಿಗೆ ಕೊಡುವುದು ಲೇಸು ಎಂದು ಮೂವರೂ ಅಲ್ಲೇ ತೀರ್ಮಾನಿಸಿದರು. ಬರುವ ಭಾನುವಾರ ಧನರಾಜನೇ ಬಂದು ಒಯ್ಯುವುದೆಂದಾಯಿತು.

"ಇಲ್ಲೇ ಹತ್ತಿರದ ಶಾಲೆಯಲ್ಲಿ ಎಲ್ಲಾದರೂ ಕಲಿಸಬಹುದಲ್ಲ ಶಶಿ," ಎಂದ ಶಂಭು. "ಅಷ್ಟು ದೂರ ಹೋಗಿ ಎಂಥ ಸಾಧಿಸ್ಲಿಕ್ಕುಂಟು?"

ಗುರುವಾರ ಕಾಲೇಜಿನ ಗೇಟಿನಲ್ಲಿ ಹೊಗೆ ಎಷ್ಟು ಬಂತೆಂದರೆ ಹುಡುಗಿಯರು ದುಪಟ್ಟಾದಲ್ಲಿ ಮೂಗು ಮುಚ್ಚಿಕೊಂಡರು. ಎಣ್ಣೆ ಪೂರ್ತಿ ಬತ್ತಿ ಎಂಜಿನ್ ಹಿಡಿದುಬಿಟ್ಟರೆ ಎಂಬ ಹೆದರಿಕೆಯಲ್ಲಿ ಶಶಿಪ್ರಭಾ ಮಧ್ಯಾಹ್ನದವರೆಗೆ ಕಾದು, ಎಂಜಿನ್ ತಣಿದ ಮೇಲೆ ಮೈದಾನದಲ್ಲಿ ತಾನೇ ಬಾನೆಟ್ ಎತ್ತಿದಳು. ಕಡ್ಡಿ ಎಳೆದಳು. ಎಣ್ಣೆ, ದಾಟಬಾರದ ಮೇಲಿನ ಗೆರೆಯನ್ನು ದಾಟಿ ಒಂದು ಇಂಚು ಮೇಲಕ್ಕೆ ಹತ್ತಿತ್ತು.

ತಪ್ಪಾಗಿರಬೇಕೆಂದು ಒರೆಸಿ ಮತ್ತೆ ಅದ್ದಿದಳು. ಅಷ್ಟೇ. ಮೂರನೆಯ ಸಲವೂ ಅಷ್ಟೇ.

ಮರುದಿನ ಬೆಳಿಗ್ಗೆ, ಮನೆಯವರು ಏಳುವ ಮೊದಲು, ಅಂಗಳದಲ್ಲಿ ನೋಡಿದಳು. ಎಣ್ಣೆ ಕೆಳಗಿನ ಗೆರೆಗೂ ಮುಟ್ಟುತ್ತಿರಲಿಲ್ಲ. ಅದೇ ಮಧ್ಯಾಹ್ನ ಕಾಲೇಜಿನಲ್ಲಿ ಮತ್ತೆ ಒಂದು ಇಂಚು ಮೇಲೆ. ನಡುವೆ ಯಾರೂ ಹನಿ ಎಣ್ಣೆ ಹಾಕಿರಲಿಲ್ಲ.

ಅವಳು ಕಾರಿನ ಪಕ್ಕ ನಿಂತು ಮನೆಯ ಅಂಗಳವನ್ನು ನೆನೆದಳು. ಗುಡ್ಡ ಕಡಿದು ಮಾಡಿದ ಜಾಗ. ಗೇಟಿನಿಂದ ಮೆಟ್ಟಿಲವರೆಗೆ ಕಾಂಕ್ರೀಟಿನ ಏರು. ಕಾರು ಮೂತಿ ಮೇಲೆ ಮಾಡಿ ನಿಲ್ಲುತ್ತದೆ. ಒಳಗಿನ ಎಣ್ಣೆ ಹಿಂದಕ್ಕೆ ಸರಿದು ಕೂರುತ್ತದೆ. ಮುಂದಿರುವ ಕಡ್ಡಿಗೆ ಸಿಗುವುದಿಲ್ಲ. ಸಿಗದ್ದಕ್ಕೆ ಶಂಭು ಸುರಿಯುತ್ತಾನೆ. ಹೆಚ್ಚಾದ ಎಣ್ಣೆಯನ್ನು ಎಂಜಿನ್ ತನ್ನ ಉಸಿರಿನ ಪೈಪಿನಿಂದ ಟರ್ಬೊದ ಬಾಯಿಗೆ ಕಕ್ಕುತ್ತದೆ, ಅದು ಉರಿದು ಹೊಗೆಯಾಗುತ್ತದೆ. ಕಾರು ಎಣ್ಣೆ ಕುಡಿಯುತ್ತಿರಲಿಲ್ಲ. ಅದಕ್ಕೆ ಬಾಯಿ ಬಿಡಿಸಿ ಕುಡಿಸುತ್ತಿದ್ದರು.

ನೋಟ್‌ಬುಕ್ಕಿನ ಮೊದಲ ಪುಟ ತೆಗೆದಳು. ಎಣ್ಣೆ ಕಡಿಮೆ ಎಂದು ಮೊದಲು ಬರೆದದ್ದು ಶಂಭುವಿನ ಹೊಸ ಕಾರು ಮನೆಗೆ ಬಂದ ವಾರ. ಅಲ್ಲಿಯವರೆಗೆ ಅವಳ ಕಾರು ಬಾವಿಯ ಪಕ್ಕದ ಶೆಡ್ಡಿನಲ್ಲಿ, ಸಮತಟ್ಟಾದ ನೆಲದಲ್ಲಿ ಇರುತ್ತಿತ್ತು. ಹೊಸದಕ್ಕೆ ನೆರಳು ಬೇಕೆಂದು ಇವಳದ್ದನ್ನು ಏರಿಗೆ ದಾಟಿಸಿದ್ದು ಶಂಭುವೇ.

ನಗು ಬರಬೇಕಿತ್ತು. ಬಂದದ್ದು ತನ್ನ ಮೇಲೆಯೇ ಹೇಸಿಗೆ. ಅಳತೆಯ ಜಾಡಿಯನ್ನು ಮಟ್ಟವಾದ ಮೇಜಿನ ಮೇಲಿಟ್ಟು ಓದಿ ಎಂದು ಹನ್ನೊಂದು ವರ್ಷದಿಂದ ಮಕ್ಕಳಿಗೆ ಬೈಯುತ್ತಿರುವವಳು ಅವಳು. ಹಾಲಿನ ಸೊಸೈಟಿಯಲ್ಲಿ ದಿನಾ ಮಾಪಕ ನೇರ ಹಿಡಿದು ಓದುವವನು ಗಂಡ. ಇಬ್ಬರೂ ಎಂಟು ತಿಂಗಳು ಸ್ಪ್ಯಾನರ್ ಎಣಿಸಿದವನ ಒಂದು ಮುಚ್ಚಿದ ಕಣ್ಣನ್ನು ನಂಬಿದ್ದರು.

ಭಾನುವಾರ ಧನರಾಜ್ ಬಂದ. ಶಂಭು ಬಾನೆಟ್ ಎತ್ತಿ ಕಡ್ಡಿ ತೋರಿಸಿದ. "ನೋಡಿ, ಒಣಗಿದೆ."

"ಧನರಾಜ್," ಎಂದಳು ಶಶಿಪ್ರಭಾ, "ಒಯ್ಯುವ ಮೊದಲು ಎದುರಿನ ಸೊಸೈಟಿಯ ಅಂಗಳಕ್ಕೆ ತನ್ನಿ. ಅಲ್ಲಿ ಒಮ್ಮೆ ನೋಡುವ."

"ಅಲ್ಲಿ ಎಂಥ ಬೇರೆ ಎಣ್ಣೆ ಉಂಟಾ?" ಎಂದ ಶಂಭು.

"ಎಣ್ಣೆ ಇದೇ ಭಾವ. ನೆಲ ಬೇರೆ."

ಸೊಸೈಟಿಯ ಅಂಗಳ ಕೇರಂ ಬೋರ್ಡಿನಷ್ಟು ಮಟ್ಟ. ಎಂಜಿನ್ ನಿಲ್ಲಿಸಿ, ಎಣ್ಣೆ ಕೆಳಗಿಳಿಯಲೆಂದು ಹತ್ತು ನಿಮಿಷ ಕಾದರು. ಧನರಾಜ್ ಕಡ್ಡಿ ಎಳೆದ, ಒರೆಸಿದ, ಮತ್ತೆ ಎಳೆದ. ಅವನ ಮುಖದ ನಗು ಬಾಯಿಯ ಒಂದು ಮೂಲೆಗೆ ಸರಿದು ನಿಂತಿತು.

"ಹೋ ಮಾರಾಯ್ರೆ. ಇದು ತುಂಬಿ ತುಳುಕ್ತಾ ಉಂಟಲ್ಲ."

"ಅಂದು ಗ್ಯಾರೇಜಿನಲ್ಲಿ ನೀವು ಕಡ್ಡಿ ಎಳೆದಿದ್ರಾ?" ಎಂದು ಶಶಿಪ್ರಭಾ ಕೇಳಿದಳು.

"ಶಂಭಣ್ಣ ಈಗಷ್ಟೇ ನೋಡಿ ಹಾಕಿದ್ದೇನೆ ಅಂದ್ರಲ್ಲ ಮೇಡಂ. ಕುಡಿಯುವ ಗಾಡಿ ಅಂದ ಮೇಲೆ ಹೆಚ್ಚು ಇದ್ದೀತು ಅಂತ ಯಾರು ನೋಡ್ತಾರೆ?"

ಅವನು ಕೆಳಗೆ ನುಸುಳಿ ಬೋಲ್ಟ್ ಸಡಿಲಿಸಿದ. ಹಳೆ ಪೈಂಟ್ ಡಬ್ಬಿಗೆ ಒಂದೂವರೆ ಲೀಟರ್ ಕಪ್ಪು ಎಣ್ಣೆ ಇಳಿಯಿತು. ಮೇಲಿನ ಗೆರೆಗೆ ಸರಿಹೋಯಿತು. ಪೈಪಿನಲ್ಲಿ ಉಳಿದ ಜಿಡ್ಡನ್ನೂ ಒರೆಸಿದ. ಟರ್ಬೊದ ಚಕ್ರವನ್ನು ಬೆರಳಿನಿಂದ ಅಲುಗಿಸಿ ನೋಡಿದ, ಅದು ಸಡಿಲವಾಗಿರಲಿಲ್ಲ. ಆಮೇಲೆ ಎದ್ದು ನಿಂತು, ಅವಳಿಗಲ್ಲ, ಶಂಭುವಿಗೆ ಹೇಳಿದ:

"ಗಾಡಿ ಇರಲಿ ಶಂಭಣ್ಣ. ಏನೂ ಆಗಿಲ್ಲ."

ಶಂಭು ಡಬ್ಬಿಯ ಕಡೆ ನೋಡಲಿಲ್ಲ. "ಎಂಜಿನ್ನಿಗೆ ಕುವೈತಿನಿಂದ ತಂದ ಔಷಧಿ ಹಾಕಿದ್ದೆನಲ್ಲ, ಅದು ಈಗ ಹಿಡಿದದ್ದು. ಎಣ್ಣೆ ಉಳಿಯಲಿಕ್ಕೆ ಶುರುವಾಗಿದೆ. ನೆಲಕ್ಕೂ ಎಂಜಿನ್ನಿಗೂ ಎಂಥ ಸಂಬಂಧ? ಕಾರು ಏನು, ಕೊಡಪಾನವಾ?"

ಮನೀಷ್ ಹೌದೆಂಬಂತೆ ತಲೆ ಆಡಿಸಿದ, ಹೆಂಡತಿಯ ಮುಖ ಕಂಡು ಅರ್ಧಕ್ಕೆ ನಿಲ್ಲಿಸಿದ.

ಆ ಮಧ್ಯಾಹ್ನ ಶಂಭು ಅಳದಂಗಡಿಯ ಮದುವೆಯೊಂದಕ್ಕೆ ಹೊಸ ಕಾರಿನಲ್ಲಿ ಹೋದ. ಸಂಜೆ ಬರುವಾಗ ಬಾವಿಯ ಪಕ್ಕದ ಶೆಡ್ಡಿನಲ್ಲಿ ಹಳೆಯ ಕಾರು ನಿಂತಿತ್ತು. ಕೀ ಶಶಿಪ್ರಭಾಳ ಬ್ಯಾಗಿನಲ್ಲಿತ್ತು, ಬ್ಯಾಗು ಅವಳ ತೊಡೆಯ ಮೇಲಿತ್ತು.

"ಇದೆಂಥ ಶಶಿ?"

"ಔಷಧಿ ಹಿಡಿದ ಗಾಡಿಯಲ್ಲವಾ ಭಾವ. ನೆರಳಿನಲ್ಲಿರಲಿ."

ಮರುದಿನ ಅವಳು ಎಂಟಕ್ಕೆ ಐದು ನಿಮಿಷ ಇರುವಾಗ ಕಾಲೇಜಿನಲ್ಲಿದ್ದಳು. ವಾರವಿಡೀ ಕನ್ನಡಿಯಲ್ಲಿ ಹಿಂದೆ ನೋಡಿ ನೋಡಿ ಕತ್ತು ನೋಯಿತು. ಶುಕ್ರವಾರದ ಹೊತ್ತಿಗೆ ಹೊಗೆಯ ಸುಳಿವೇ ಇರಲಿಲ್ಲ. ಆದರೂ ನೋಟ್‌ಬುಕ್ಕಿನಲ್ಲಿ ದಿನಾ ಬರೆದಳು.

ಮುಂದಿನ ಭಾನುವಾರ ಕಾಫಿ ಮುಗಿಸಿದ ಶಂಭು ಅಭ್ಯಾಸಬಲದಿಂದ ಅಂಗಳಕ್ಕಿಳಿದ. ಏರಿನಲ್ಲಿ ಮೂತಿ ಮೇಲೆ ಮಾಡಿ ನಿಂತಿದ್ದದ್ದು ಅವನದೇ ಹೊಸ ಕಾರು. ಬಾನೆಟ್ ಎತ್ತಿದ, ಕಡ್ಡಿ ಎಳೆದ, ಒರೆಸಿದ, ಬಿಸಿಲಿಗೆ ಹಿಡಿದ. ಎಣ್ಣೆ ಕೆಳಗಿನ ಗೆರೆಗೂ ಮುಟ್ಟಿರಲಿಲ್ಲ. ಮುಚ್ಚಿದ್ದ ಕಣ್ಣು ಮೆಲ್ಲನೆ ತೆರೆಯಿತು.

"ಮನೀಷಾ," ಎಂದು ಕೂಗಿದ. "ಡಬ್ಬಿ ತಾ ಮಾರಾಯ."

ಶಶಿಪ್ರಭಾ ಕಿಟಕಿಯ ಹಿಂದೆ ನಿಂತು ನೋಡಿದಳು. ಹೇಳಬೇಕಾದ ಮಾತು ನಾಲಗೆಯ ತುದಿಯಲ್ಲಿತ್ತು. ಅದನ್ನು ತೂಗಿ ನೋಡಿದಳು. ಆಮೇಲೆ ಅಡುಗೆಮನೆಗೆ ಹೋಗಿ ದೋಸೆ ಹೊಯ್ದಳು.