ಕದಿರಪ್ಪನ ಪಾಲಿನ ಒಬ್ಬಟ್ಟು

ಅಟ್ಟೂರಿನಲ್ಲಿ ಮೂವತ್ತು ವರ್ಷ ಬೋರ್‌ವೆಲ್ ಮೋಟಾರು ರಿಪೇರಿ ಮಾಡಿದ ಕದಿರಪ್ಪ ಕರೆಂಟಿಗೂ ಹೆದರಿದವನಲ್ಲ. ಹೊಟ್ಟೆಗೆ ಚುಚ್ಚುವ ಇನ್ಸುಲಿನ್ ಎಂದರೆ ಮಾತ್ರ ಅವನ ಎದೆ ಝಲ್ಲೆನ್ನುತ್ತಿತ್ತು. ಭಾನುವಾರದ ಶುಗರು ನೂರೈವತ್ತರೊಳಗೆ ಬಾರದಿದ್ದರೆ ಸೋಮವಾರದಿಂದ ಅದೇ ಗತಿ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಸುಳ್ಳು ಹೇಳೋಣವೆಂದರೆ ಮೊಬೈಲಿನ ಆ್ಯಪ್‌ಗೆ ಮೀಟರಿನ ಫೋಟೋನೇ ಹಾಕಬೇಕು. ಯಲಹಂಕದ ಕ್ಲಿನಿಕ್ಕಿನಲ್ಲಿ ಕೂತ ನರ್ಸ್ ಸರಳಾ ಅದನ್ನು ನೋಡಿ ಫೋನ್ ಮಾಡುತ್ತಾಳೆ.

ಭಾನುವಾರ ಬೆಳಿಗ್ಗೆ ಮೀಟರು ನೂರ ತೊಂಬತ್ತಾರು ತೋರಿಸಿತು. ಮಾವಿನಹಣ್ಣು ಸಿಹಿತಿಂಡಿಯ ಲೆಕ್ಕಕ್ಕೆ ಬರುವುದಿಲ್ಲ ಎಂದು ತಾನೇ ತೀರ್ಪು ಕೊಟ್ಟುಕೊಂಡು ಹಿಂದಿನ ದಿನ ಮೂರು ಹಣ್ಣು ಹೊಡೆದಿದ್ದ. ಅಷ್ಟರಲ್ಲಿ ಹೆಂಡತಿ ಮುನಿಕೃಷ್ಣಮ್ಮ ಕಾಫಿಗಿಡಲು ಎದ್ದು ಬಂದಳು.

"ಬೆರಳು ಕೊಡಮ್ಮಿ ಇಲ್ಲಿ."

"ನನಗ್ಯಾಕ್ರೀ? ನನಗೇನಾಗೈತೆ?"

"ಏನೂ ಆಗಿಲ್ಲ, ಅದಕ್ಕೇ ಕೇಳ್ತಿರೋದು."

ಹೊಸ ಸೂಜಿ ಹಾಕಿ ಚುಚ್ಚಿದ. ಇನ್ನೂರ ಎಂಬತ್ತನಾಲ್ಕು! ಮೀಟರು ಕೆಟ್ಟಿದೆ ಎಂದುಕೊಂಡು ಅವಳ ಕೈ ತೊಳೆಸಿ ಮತ್ತೆ ನೋಡಿದ. ಇನ್ನೂರ ಎಂಬತ್ತು.

ಕದಿರಪ್ಪ ತಣ್ಣಗಾಗಿ ಕೂತ. ಎಲೆಯಲ್ಲಿ ಬಡಿಸಿದ್ದನ್ನು ಬಿಟ್ಟೇಳಬಾರದು ಎಂಬುದು ಅವರ ಮನೆಯ ಪದ್ಧತಿ. ಅವನಿಗೆ ಶುಗರು ಬಂದ ನಾಲ್ಕು ವರ್ಷದಿಂದ ಯಾರ ಮನೆಯ ಗೃಹಪ್ರವೇಶವಿರಲಿ, ನಾಮಕರಣವಿರಲಿ, ಅವನ ಪಾಲಿನ ಒಬ್ಬಟ್ಟು, ಜಹಂಗೀರು ಎಲ್ಲ ಪಕ್ಕದಲ್ಲಿ ಕೂತ ಅವಳ ಎಲೆಗೇ ಹೋಗಿತ್ತು. ಈಚೆಗೆ ಅವಳು ಚೊಂಬುಗಟ್ಟಲೆ ನೀರು ಕುಡಿಯುತ್ತಿದ್ದಳು, ಮಧ್ಯಾಹ್ನವೆಲ್ಲ ತೂಕಡಿಸುತ್ತಿದ್ದಳು. ಅದಕ್ಕೆ ಗೇಲಿ ಬೇರೆ ಮಾಡಿದ್ದ. ಈಗ ಅವನಿಗೆ ತನ್ನ ಮೇಲೇ ನಾಚಿಕೆಯಾಯಿತು. ಮೀಟರಿನ ಮೆಮೊರಿ ಒತ್ತಿ ಒತ್ತಿ ತನ್ನದು, ಅವಳದು ಎರಡನ್ನೂ ಫೋಟೋ ತೆಗೆದು ಹಾಕಿದ.

ಐದೇ ನಿಮಿಷಕ್ಕೆ ಸರಳಾಳ ಫೋನು. "ಎರಡೆರಡು ಫೋಟೋ ಹಾಕಿದ್ದೀರಲ್ಲ, ಯಾವ್ದು ಸಾರ್ ನಿಮ್ದು?"

"ನೂರ ತೊಂಬತ್ತಾರು ನಂದು ಕಣಮ್ಮ. ಇನ್ನೂರ ಎಂಬತ್ತು ನಮ್ಮ ಮನೆಯೋಳ್ದು. ಕಳ್ಳಾಟ ಆಡೋಕ್ ಹೋಗಿ ಇಂಗಾಯ್ತು."

"ನಾಳೆ ಇಬ್ರೂ ಬನ್ನಿ. ನಿಮಗೆ ಇನ್ಸುಲಿನ್ ಶುರು ಮಾಡ್ತಾರೆ, ಗೊತ್ತಲ್ಲ?"

"ಎಲ್ಲಿಗ್ ಬೇಕಾದ್ರೂ ಚುಚ್ಚಮ್ಮ. ಮೊದ್ಲು ಇವಳನ್ನ ನೋಡಿ."

ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡ ಮುನಿಕೃಷ್ಣಮ್ಮ ಮಂಚದ ಕೆಳಗಿದ್ದ ಮಾವಿನಹಣ್ಣಿನ ಬುಟ್ಟಿ ಎಳೆದು, ಹಾಗೇ ಎತ್ತಿಕೊಂಡು ಹೋಗಿ ಪಕ್ಕದ ಮನೆಯವರಿಗೆ ಕೊಟ್ಟು ಬಂದಳು.